ಹಾಲೆಮರಕ್ಕೆ ಕಟ್ಟಿದ ದಾರ

ಆಟಿ ಅಮಾವಾಸ್ಯೆಯ ಹಿಂದಿನ ಸಂಜೆ ಯಡಿಯೂರು ಕೆರೆಯ ಪಾರ್ಕಿಗೆ ಹೋದ ಜಯಶೀಲಾ ಅವರ ಕೈಗೆ, ಹಾಲೆಮರದ ಸುತ್ತ ಆಗಲೇ ಯಾರೋ ಕಟ್ಟಿದ್ದ ದಾರ ತಾಗಿತು. ಅರವತ್ತೆರಡರ ಆಕೆ ಸಂತೋಷದಿಂದ, ಕಟ್ಟಿದವರು ಅಲ್ಲೇ ಇದ್ದಾರೇನೋ ಎಂದು ಸುತ್ತ ನೋಡಿದರು.

ಇದು ಅವರ ಮೂಡಬಿದಿರೆ ಕಡೆಯ ಪದ್ಧತಿ. ಘಟ್ಟದ ಮಳೆಕಾಡಿನ ಈ ಮರದ ತೊಗಟೆಯನ್ನು ಅಮಾವಾಸ್ಯೆಯ ದಿನ ಸೂರ್ಯ ಮೂಡುವ ಮೊದಲು, ಕಬ್ಬಿಣ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಓಮ, ಬೆಳ್ಳುಳ್ಳಿ, ಕಾಳುಮೆಣಸಿನೊಂದಿಗೆ ಅರೆದು ಹಿಂಡಿ, ಕಾಯಿಸಿದ ಬೆಣಚುಕಲ್ಲು ಅದ್ದಿ, ಬರಿಹೊಟ್ಟೆಯಲ್ಲಿ ಕುಡಿದರೆ ವರ್ಷವಿಡೀ ಜ್ವರ, ಹೊಟ್ಟೆಹುಳು ಹತ್ತಿರ ಸುಳಿಯುವುದಿಲ್ಲ ಎಂದು ಹಿರಿಯರ ನಂಬಿಕೆ. ಮೇಲೆ ತಂಪಿಗೆ ಮೆಂತೆ ಗಂಜಿ. ಕತ್ತಲಲ್ಲಿ ಬೇರೆ ಮರದ ತೊಗಟೆ ತಂದರೆ ಪ್ರಾಣಕ್ಕೇ ಸಂಚಕಾರ. ಅದಕ್ಕೇ ಹಿಂದಿನ ದಿನ ಮರ ಗುರುತಿಸಿ ದಾರ ಕಟ್ಟುವುದು, ತೊಗಟೆ ತೆಗೆದ ಮೇಲೆ ಬಿಚ್ಚುವುದು.

ಮೂವತ್ತು ವರ್ಷ ದಾರದ ಕೆಲಸ ಅಕ್ಕನದು, ಕಲ್ಲಿನ ಕೆಲಸ ಜಯಶೀಲಾ ಅವರದು. ಮದುವೆಯ ಗೋಜಿಗೆ ಹೋಗದೆ, ಜಯನಗರದ ಹೆಂಗಸರ ಸೀರೆಗೆ ಫಾಲು ಹೊಲಿಯುತ್ತಾ, ಒಂದೇ ರೂಮಿನಲ್ಲಿ ಜಗಳವಾಡಿಕೊಂಡು ಬಾಳಿದ ಅಕ್ಕತಂಗಿಯರು. ಹೋದ ವರ್ಷ ಬೇಸಗೆಯಲ್ಲಿ ಅಕ್ಕ ತೀರಿಕೊಂಡರು. ಮಹಡಿಯ ಮೇಲಿನ ಓನರ್ ಗೌರಮ್ಮ ಹಿಂದೊಮ್ಮೆ ಕಷಾಯ ಕುಡಿದು ಮೂರು ದಿನ ಮುಖ ಸಿಂಡರಿಸಿಕೊಂಡಿದ್ದರು. ಅವರಿಗೆ ಅವತ್ತು ಭೀಮನ ಅಮಾವಾಸ್ಯೆ, ಗಂಡನ ಪಾದಪೂಜೆ. ಬಾಡಿಗೆಯವಳ ಕಹಿ ಯಾರಿಗೆ ಬೇಕು? ಹಾಗಾಗಿ ಹೋದ ಸಲ ಜಯಶೀಲಾ ಒಬ್ಬರೇ ತಂದು ಒಬ್ಬರೇ ಕುಡಿದರು. ಕಹಿ ಕುಡಿಯುವಾಗ ಎದುರಿಗೆ ಮುಖ ಕಿವುಚುವವರು ಒಬ್ಬರಾದರೂ ಇರಬೇಕು. ಇಲ್ಲದಿದ್ದರೆ ಅದು ಬರೀ ಕಹಿ.

ಈಗ ನೋಡಿದರೆ ಈ ದಾರ. ಈ ಮರ ಬಲ್ಲವರು ಇಲ್ಲೇ ಎಲ್ಲೋ ಇನ್ನೊಬ್ಬರಿದ್ದಾರೆ. ಮಬ್ಬುಗತ್ತಲು, ಮೇಲೆ ಪಾರ್ಕು ಮುಚ್ಚುವ ಸೀಟಿ. ಅವಸರದಲ್ಲಿ ಅದರ ಕೆಳಗೇ ತಮ್ಮದೂ ಒಂದು ಕಟ್ಟಿ ಬಂದರು. ಮನೆಗೆ ಬಂದವರೇ ಇಬ್ಬರಿಗಾಗುವಷ್ಟು ಅಕ್ಕಿ, ಮೆಂತೆ ನೆನೆಹಾಕಿದರು. ಅಕ್ಕನ ಲೋಟ ತೊಳೆದಿಟ್ಟರು. ಬೆಳಗ್ಗೆ ಬರುವವರನ್ನು ಹೇಗಾದರೂ ಮಾಡಿ ಮನೆಗೆ ಕರೆತರಬೇಕು, ಬಾಯಿ ತುಂಬ ತುಳು ಮಾತಾಡಬೇಕು.

ಗೇಟು ತೆರೆಯುವ ಹೊತ್ತಿಗೇ ಮರದ ಬುಡದಲ್ಲಿದ್ದರು. ತೊಗಟೆ ತೆಗೆದಾಯಿತು, ಹಾಲು ಒಸರಿ ಬೆರಳಿಗೆ ಅಂಟಿತು. ಬೇರೆ ಯಾರೂ ಕಲ್ಲು ಹಿಡಿದು ಬರಲಿಲ್ಲ. ವಾಕಿಂಗಿನವರು ಬಂದರು. ನಗೆಕೂಟದವರು ಬಂದು, ಕೈ ಮೇಲೆತ್ತಿ ಹೊಹ್ಹೋ ಎಂದು ನಕ್ಕು ಹೋದರು. ಚೆನ್ನಾಗಿ ಬೆಳಕಾಯಿತು.

ಆಗ ಕಂಡಿತು. ಎರಡೂ ಫಾಲು ಹೊಲಿಯುವ ಹಳದಿ ದಾರ. ಎರಡರಲ್ಲೂ ಅದೇ ಮೂರು ಸುತ್ತಿನ ಗಂಟು, ಜಯಶೀಲಾ ಅವರ ಕೈಯದೇ. ಹೋದ ವರ್ಷ ತಾವೇ ಕಟ್ಟಿದ್ದನ್ನು ಬಿಚ್ಚುವುದು ಮರೆತೇಹೋಗಿತ್ತು. ಬಿಚ್ಚುವುದು ಯಾವತ್ತೂ ಅಕ್ಕನ ಕೆಲಸವಾಗಿತ್ತಲ್ಲ.

ಎಲೆ ಗುಡಿಸುತ್ತಿದ್ದ ಮಾಲಿ ಚಿಕ್ಕಬೈರಪ್ಪ ಪೊರಕೆ ನಿಲ್ಲಿಸಿದ.

"ಆಗ್ಲಿಂದ ನಿಂತೇ ಇದೀರಲ್ಲ ಮೇಡಂ, ಯಾರಿಗಾದ್ರೂ ಕಾಯ್ತಿದೀರಾ?"

"ಹೂಂ," ಅಂದರು ಜಯಶೀಲಾ. "ಬಂದಾಯ್ತು."

ಹಳೆಯ ದಾರ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಹೊಸದನ್ನು ಬಿಚ್ಚಲಿಲ್ಲ. ಬರುವ ವರ್ಷದ ಸಂಜೆಗೆ ಅದಾದರೂ ಇರಲಿ.