ಅಕ್ಕಿಕಾಳಿನಷ್ಟು ಸರಿದ ನೆಲ

ಒಂದು ಕಡೆ ಕೂರುವುದು ನನ್ನಿಂದ ಆಗದ ಕೆಲಸ. ಅಂಥವಳಿಗೆ ಸಿಕ್ಕಿದ್ದು ಅಲುಗದೆ ನಿಂತ ಕಂಬವೊಂದನ್ನು ನೋಡಿಕೊಳ್ಳುವ ಉದ್ಯೋಗ. ಹರದನಹಳ್ಳಿಯ ಆಚೆ, ರೈತರೊಬ್ಬರ ಹೊಲದ ಬಂಡೆಯಲ್ಲಿ ಕಾಂಕ್ರೀಟು ಕಂಬ ನಿಲ್ಲಿಸಿ ತಲೆಗೆ ಆಂಟೆನಾ ಕೂರಿಸಿದ್ದರು. ಉಪಗ್ರಹಗಳ ಸಂಕೇತ ಹಿಡಿದು ತಾನೆಲ್ಲಿದ್ದೇನೆಂದು ಅದು ದಿನವೂ ತಿಳಿಸುತ್ತಿತ್ತು. ನಮ್ಮ ನೆಲ ವರ್ಷಕ್ಕೆ ಎರಡು ಅಂಗುಲದಷ್ಟು ಈಶಾನ್ಯಕ್ಕೆ ಸರಿಯುತ್ತದೆ. ಕಂಪ್ಯೂಟರಿನಲ್ಲಿ ಒಂಬತ್ತು ವರ್ಷದ ಆ ನೇರ ಗೆರೆ ಕಂಡಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಇದಕ್ಕಾದರೂ ಹೋಗಲು ಒಂದು ದಿಕ್ಕಿದೆಯಲ್ಲ!

ಕಳೆದ ಆಶ್ವಯುಜದಲ್ಲಿ ಗೆರೆ ಇದ್ದಕ್ಕಿದ್ದಂತೆ ಮೆಟ್ಟಿಲಿನಂತೆ ಒಂದೆಡೆ ಜಿಗಿಯಿತು. ಅಕ್ಕಿಕಾಳಿನಷ್ಟು, ಅಷ್ಟೇ. ಭೂಕಂಪದ ಸುದ್ದಿ ಎಲ್ಲೂ ಇರಲಿಲ್ಲ. ಗುಂಡ್ಲುಪೇಟೆ ಕಡೆಯ ಇನ್ನೊಂದು ಕಂಬ ತನ್ನ ಪಾಡಿಗೆ ತಾನಿತ್ತು. "ಯಾರಾದರೂ ಮುಟ್ಟಿದ್ದರೆ ಲೆಕ್ಕ ಸರಿಪಡಿಸಬಹುದು. ಮುಟ್ಟಿಲ್ಲವಾದರೆ ಕಂಬವೇ ಸಡಿಲವಾಗಿದೆ, ಈ ಅಳತೆ ಕೇಂದ್ರ ಮುಚ್ಚೋಣ" ಎಂದರು ಮೇಲಿನವರು. ಯಾರೂ ಮುಟ್ಟಿಲ್ಲವೆನ್ನಲು ಅವರ ಬಳಿ ಇದ್ದ ಸಾಕ್ಷಿ ತಪಾಸಣೆ ಪುಸ್ತಕದಲ್ಲಿ ಆ ವಾರ ನಾನೇ ಬರೆದ ಸಾಲು: ಹೋಗಿ ನೋಡಿದೆ, ಆಂಟೆನಾ ಸರಿಯಿದೆ.

ನಾನು ಹೋಗಿರಲಿಲ್ಲ. ಆ ದಿನ ಮನಸ್ಸು ನಿಲ್ಲದೆ, ಕಂಡ ಬಸ್ಸು ಹತ್ತಿ ಬಂಡೀಪುರದವರೆಗೆ ಸುಮ್ಮನೆ ಹೋಗಿಬಂದಿದ್ದೆ.

ಮೇಲಿನವರ ಮಾತು ಬಂದ ಮರುದಿನ ಬೆಳಿಗ್ಗೆಯೇ ಸ್ಕೂಟರ್ ಓಡಿಸಿಕೊಂಡು ಹೊಲಕ್ಕೆ ಹೋದೆ. ಕಂಬ ಹತ್ತಿ ನೋಡಿದರೆ ಉತ್ತರಕ್ಕಿರಬೇಕಾದ ಆಂಟೆನಾದ ಗುರುತು ಪೂರ್ವದ ಬಾವಿಯತ್ತ ತಿರುಗಿತ್ತು. ಅಂಚಿನಲ್ಲಿ ಒಣಗಿದ ವಿಭೂತಿ.

"ಅಣ್ಣ, ಇದನ್ನ ಮುಟ್ಟಿದ್ರಾ?" ಹೊಲದಲ್ಲೇ ಇದ್ದ ರೈತರನ್ನು ಕೇಳಿದೆ.

ರೈತರು ಮುಖ ಅರಳಿಸಿದರು. "ಮುಟ್ದೆ ಕಣವ್ವ. ಆಯುಧಪೂಜೆ ಅಲ್ವಾ? ಟ್ರ್ಯಾಕ್ಟರು, ಪಂಪ್‌ಸೆಟ್ಟು ಎಲ್ಲಾ ತೊಳ್ದು ಇಬೂತಿ ಬಳ್ದೆ. ಇದೊಂದ್ನ ಬುಟ್ರೆ ಚೆಂದಾನಾ? ಬಿಚ್ಚಿ, ತೊಳ್ದು, ಮತ್ತೆ ಬಿಗಿ ಮಾಡ್ಬುಟ್ಟೆ."

ನನಗೆ ರೇಗಿಹೋಯಿತು. ಒಂಬತ್ತು ವರ್ಷದ ಕೆಲಸ ಹಾಳು ಮಾಡಿದಿರಿ ಎಂದು ಬಾಯಿಗೆ ಬಂದಂತೆ ಕೂಗಾಡಿದೆ. ಅವರು ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದು, ಮಾತು ಮುಗಿಯುವವರೆಗೂ ನಿಂತೇ ಇದ್ದರು.

"ತಪ್ಪಾಯ್ತು ಕಣವ್ವ. ಆ ವಾರ ನೀವು ಬತ್ತೀರಿ, ಎಚ್ಚುಕಮ್ಮಿ ಆಗಿದ್ರೆ ಸರಿ ಮಾಡ್ತೀರಿ ಅಂತಿದ್ದೆ. ನಿಮ್ಗೆ ಅಂತ ಪರಸಾದಾನೂ ಎತ್ತಿ ಮಡಗಿದ್ದೆ. ನೀವು ಬರ್ನೇ ಇಲ್ಲ."

ಅವರ ದನಿಯಲ್ಲಿ ದೂರು ಇರಲಿಲ್ಲ. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಬಾಯಿ ಮುಚ್ಚಿಕೊಂಡರೆ ಕಂಬ ಹೋಗುತ್ತಿತ್ತು, ಹೇಳಿದರೆ ನಾನು. ಬಂಡೆಯ ಮೇಲೆ ಕೂತೆ, ಎದ್ದೆ, ಹೊಲದ ಬದುವಿನಗುಂಟ ಎರಡು ಸುತ್ತು ಹಾಕಿದೆ. ಕೊನೆಗೆ ಪುಸ್ತಕ ತೆಗೆದು ಹಳೆಯ ಸಾಲು ಹೊಡೆದುಹಾಕಿ, ಪೂಜೆಯ ಸಂಗತಿ ಬರೆದು, ಕೆಳಗೆ 'ಆ ವಾರ ನಾನು ಬಂದಿರಲಿಲ್ಲ' ಎಂದು ಸಹಿ ಹಾಕಿದೆ.

ಕೇಂದ್ರ ಉಳಿಯಿತು. ಆ ಕೆಲಸದಿಂದ ನನ್ನನ್ನು ಬದಲಾಯಿಸಿದರು. ಈಗ ಕಂಬ ನೋಡಿಕೊಳ್ಳುವವರು ಆ ರೈತರೇ, ಪುಸ್ತಕವೂ ಅವರ ಮನೆಯಲ್ಲಿದೆ. ಕಂಬದ ಹತ್ತಿರ ಹೋಗದ ದಿನ 'ಹೋಗಲಿಲ್ಲ' ಎಂದೇ ಬರೆಯುತ್ತಾರಂತೆ.