ಕೂದಲೆಳೆಯಷ್ಟು ಗಿಡ್ಡ

ಬೆಳಗಿನ ಐದೂವರೆ. ಬೈಂಡಿಂಗ್ ಅಂಗಡಿಯ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಕಟಿಂಗ್ ಯಂತ್ರದ ಮುಂದೆ ಐವತ್ತರ ಆಸುಪಾಸಿನ ಅಕ್ಕ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಅಲಗಿನ ಕೆಳಗಿರುವುದು ಪುಸ್ತಕವಲ್ಲ, ಇಸ್ಪೀಟಿನ ಎಲೆಗಳು. ಇಪ್ಪತ್ತಾರಕ್ಕೆ ಇಪ್ಪತ್ತಾರೂ ಆಟೀನ್ ಒಂಬತ್ತು. ಅಲಗು ಇಳಿಯುತ್ತದೆ, ಕೂದಲೆಳೆಯಷ್ಟು ಕಾಗದ ಉದುರುತ್ತದೆ.

ಈ ಗಿಡ್ಡ ಎಲೆಗಳ ನಡುನಡುವೆ ಇಪ್ಪತ್ತಾರು ಬೇರೆ ಬೇರೆ ಎಲೆ ಸೇರಿಸಿದರೆ ಕಟ್ಟು ಸಿದ್ಧ. ಒಂದು ಅಂಚನ್ನು ಬೆರಳಿನಿಂದ ಸರಸರನೆ ಬಿಟ್ಟು ತೋರಿಸಿದಾಗ ಗಿಡ್ಡ ಎಲೆ ಬೆರಳಿಗೆ ಸಿಗದೆ ಉದ್ದದ ಎಲೆಯ ಹಿಂದೆ ಅಡಗುತ್ತದೆ, ಕಾಣುವುದೆಲ್ಲ ಬೇರೆ ಬೇರೆ ಎಲೆ. ನೋಡುವವರು ಎಲ್ಲಿ ನಿಲ್ಲಿಸಿ ಎಂದರೂ ಕೈಗೆ ಸಿಗುವುದು ಆಟೀನ್ ಒಂಬತ್ತೇ. ಕೈಚಳಕ ಬೇಕಿಲ್ಲ, ಕಟ್ಟೇ ಎಲ್ಲವನ್ನೂ ಮಾಡುತ್ತದೆ. ಅಂಚು ಸವೆದರೆ ಆಟ ಕೆಡುವುದರಿಂದ ತಿಂಗಳಿಗೆ ಎರಡು ಹೊಸ ಕಟ್ಟು, ಹನ್ನೊಂದು ವರ್ಷದಿಂದ. ಅಷ್ಟೂ ಜಾದೂಗಾರ ತಮ್ಮನ ಕೋಟಿನ ಜೇಬಿಗೆ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎನ್ನುವುದು ಇದಕ್ಕೇ.

ಅಪ್ಪ ತೀರಿಕೊಂಡಾಗ ಹದಿನೇಳಕ್ಕೇ ಈ ಕೆಲಸಕ್ಕೆ ನಿಂತ ಅಕ್ಕ ತಮ್ಮನನ್ನು ಓದಿಸಿದರು. ಎಡ ಕಿರುಬೆರಳಿನ ತುದಿ ಯಂತ್ರದ ಪಾಲಾಗಿದೆ. ಅದಕ್ಕೆಲ್ಲ ದೂರಿಲ್ಲ, ದೂರು ಚಪ್ಪಾಳೆಯದ್ದು. "ಹೊಟ್ಟೆಕಿಚ್ಚೇ, ಸುಳ್ಳು ಯಾಕೆ ಹೇಳ್ಲಿ? ಜನ ಅವನ ಬೆರಳು ನೋಡಿ ಬಾಯಿ ಬಿಡ್ತಾರೆ. ಬೆರಳೇನೂ ಮಾಡಿರಲ್ಲ."

ಹೋದ ವರ್ಷ ತಮ್ಮನ ಮಗಳ ಹುಟ್ಟುಹಬ್ಬಕ್ಕೆ ತಾವೇ ಆಟ ತೋರಿಸಲು ನಿಂತರು. ಬೈಂಡಿಂಗಿನವರ ಕೈ ನೋಡಿ, ಕಾಗದ ಸಿಕ್ಕರೆ ಮೇಜಿಗೆ ಕುಟ್ಟಿ ಅಂಚು ಸಮ ಮಾಡದೆ ಬಿಡದು. ಬೆರಳಿನಿಂದ ಬಿಡಬೇಕಾದ ಅಂಚನ್ನೇ ಕುಟ್ಟಿದರು. ಗಿಡ್ಡ ಎಲೆಗಳೂ ಅಲ್ಲಿ ಸಮನಾಗಿ ನಿಂತವು. ಬಿಟ್ಟರೆ ಎರಡೆರಡು ಎಲೆಗೊಮ್ಮೆ ಅದೇ ಒಂಬತ್ತು ಇಣುಕಿತು. ಮನೆಯೆಲ್ಲ ನಗು. ತಮ್ಮ "ಕೊಡಕ್ಕ ಇಲ್ಲಿ" ಎಂದು ಕಟ್ಟು ಕಿತ್ತುಕೊಂಡು, ಇನ್ನೊಂದು ಅಂಚು ಕುಟ್ಟಿ, ಅದೇ ಆಟ ಆಡಿ ಚಪ್ಪಾಳೆ ಗಿಟ್ಟಿಸಿದ.

ಅಂದಿನಿಂದ ದಿನಕ್ಕೆ ನಲವತ್ತು ಸಲ ಅಭ್ಯಾಸ. ಈಗ ಕೈ ತಪ್ಪುವುದಿಲ್ಲ. ಈ ಭಾನುವಾರ ಗ್ರಂಥಾಲಯದಲ್ಲಿ ತಮ್ಮನ ಪ್ರದರ್ಶನವಿದೆ. ಅದರಲ್ಲಿ ಐದು ನಿಮಿಷ ಕೇಳಿದ್ದಾರೆ. ಅವನು ಒಪ್ಪಿದ್ದು ತಾನು ಪಕ್ಕದಲ್ಲೇ ನಿಂತಿರುತ್ತೇನೆ ಎಂಬ ಷರತ್ತಿನ ಮೇಲೆ. ಹಾಗಾದರೆ ಹೊಸ ಕಟ್ಟು ಸಿಗುವುದಿಲ್ಲ ಎಂದು ಅಕ್ಕ ಹೇಳಿದ ಮೇಲೆ ಷರತ್ತು ಬಿದ್ದುಹೋಯಿತು.

"ಅವನು ಎದುರು ಸಾಲಲ್ಲಿ ಕೂರ್ಲಿ. ಗುಟ್ಟೆಲ್ಲ ಗೊತ್ತಿದ್ರೂ ಗೊತ್ತಿಲ್ಲದವನ ಹಾಗೆ ಚಪ್ಪಾಳೆ ಹೊಡೀಲಿ," ಎನ್ನುತ್ತಾರೆ ಅಕ್ಕ. "ಹನ್ನೊಂದು ವರ್ಷ ನಾನು ಹೊಡೆದಿದೀನಲ್ಲ."