ಮೂಲೆ ಕತ್ತರಿಸದ ಟಿಕೆಟ್

ಕಚಕ್! ಮಲಾಡ್ ಸ್ಟೇಶನ್ನಿನ ಬುಕಿಂಗ್ ಕ್ಲರ್ಕ್ ರಟ್ಟಿನ ಟಿಕೆಟ್ಟಿನ ಮೂಲೆಯನ್ನು ಕತ್ತರಿಯಿಂದ ಹಾರಿಸುವ ಸದ್ದು ಅದು. ಮೂಲೆ ಹೋಯಿತೆಂದರೆ ಹಾಫ್ ಟಿಕೆಟ್, ಹನ್ನೆರಡು ತುಂಬದ ಮಕ್ಕಳಿಗೆ. ನನಗೆ ಹದಿಮೂರು ತುಂಬಿತ್ತು. ಕಾನ್ವೆಂಟಿನಲ್ಲಿ ಮಾರಲ್ ಸೈನ್ಸಿಗೆ ಫಸ್ಟ್ ಪ್ರೈಜ್ ಬೇರೆ! ಆದರೆ ಅಮ್ಮನ ಮಾತೇ ಕಾಯಿದೆ. "ನೀನು ಕಾಣ್ಲಿಕ್ಕೆ ಇಷ್ಟೇ ಇಷ್ಟು. ಇನ್ನೆರಡು ವರ್ಷ ಹಾಫ್ ನಡೀತದೆ, ಸುಮ್ನಿರು."

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಮೇ ರಜೆಯಲ್ಲಿ ನಾನೂ ನಮ್ಮ ಚಾಳಿನ ಸಾಲುಮನೆಗಳಲ್ಲೇ ಇದ್ದ ನನ್ನದೇ ವಯಸ್ಸಿನ ಗೆಳತಿಯೂ ಬೊರಿವಲಿಯ ಹೂತೋಟಕ್ಕೆ ಮಲ್ಲಿಗೆ ಮೊಗ್ಗು ಬಿಡಿಸಲು ಹೋಗುತ್ತಿದ್ದೆವು. ಮೊಗ್ಗು ಮಾತ್ರ, ಅರಳಿದ್ದಕ್ಕೆ ಮಾರ್ಕೆಟ್ಟಿನಲ್ಲಿ ಬೆಲೆಯಿಲ್ಲ. ದಿನಕ್ಕೆ ಎರಡು ರೂಪಾಯಿ ಪಗಾರ. ನನಗದು ಪ್ಯೂರ್ ಪಿಕ್ನಿಕ್. ಅವಳಿಗೆ ಹಾಗಲ್ಲ. ವಿಜಾಪುರದ ಕಡೆಯ ಅವಳ ಅವ್ವ ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ನಮ್ಮ ಸ್ಕೂಲಿನ ಸಿಸ್ಟರ್‌ಗಳು ಜೂನ್‌ನಲ್ಲಿ ಹೊರಗಿನ ಹುಡುಗಿಯರಿಗೆ ಟೈಲರಿಂಗ್ ಕ್ಲಾಸ್ ತೆರೆಯುವವರಿದ್ದರು, ಫೀ ಇಪ್ಪತ್ತು ರೂಪಾಯಿ. "ಫೀ ನೀನ ಗಳಿಸಿದ್ರ ಕ್ಲಾಸು. ಇಲ್ಲಾಂದ್ರ ನನ್ನ ಜೋಡಿ ಬುಟ್ಟಿ ಹೊರಾಕ ಬಾ" ಎಂದಿದ್ದಳು ಅವ್ವ.

ಮೂರನೆಯ ದಿನ ಬೊರಿವಲಿ ಗೇಟಿನಲ್ಲಿ ನಾವು ಟಿ.ಸಿ.ಗೆ ಹಾಫ್ ಟಿಕೆಟ್ ತೋರಿಸುವಾಗ ಹಿಂದೆಯೇ ತೋಟದಲ್ಲಿ ನಮಗೆ ಕೆಲಸ ಹಚ್ಚಿ ಪಗಾರ ಹಂಚುವ ಮುಕಾದಮ ನಿಂತಿದ್ದ. ಅವನೂ ವಿಜಾಪುರದವನೇ. ಸಂಜೆ ನಮ್ಮಿಬ್ಬರ ಅಂಗೈ ಮೇಲೂ ಒಂದೊಂದೇ ರೂಪಾಯಿ ಇಟ್ಟ.

"ಕಾಕಾ, ಇನ್ನೊಂದು?" ಎಂದಳು ಗೆಳತಿ.

"ಅರ್ಧ ಟಿಕೀಟಿನ ಕೂಸಿಗೆ ಅರ್ಧ ಪಗಾರ. ಸರ್ಕಾರಾನ ನಿನ್ನ ಸಣ್ಣಾಕಿ ಅಂದಮ್ಯಾಲೆ ನಾ ಯಾರವ್ವಾ ಇಲ್ಲನ್ನಾಕ?"

ಟ್ರೇನಿನಲ್ಲಿ ಅವಳು ಬೆರಳು ಮಡಿಸುತ್ತಾ ಕೂತಳು. ರಜೆ ಇನ್ನು ಹದಿನೆಂಟೇ ದಿನ. ಅರ್ಧ ಪಗಾರದಲ್ಲಿ ಟಿಕೆಟ್ಟಿನ ದುಡ್ಡು ಕಳೆದರೆ ಇಪ್ಪತ್ತು ರೂಪಾಯಿ ಆಗುವುದೇ ಇಲ್ಲ. ಫುಲ್ ಟಿಕೆಟ್ ತೆಗೆದರೆ ದಿನಕ್ಕೆ ಹೆಚ್ಚಿಗೆ ಹೋಗುವುದು ನಾಲ್ಕಾಣೆ, ಬರುವುದು ಒಂದು ರೂಪಾಯಿ! ಕ್ಲಾಸಿನಲ್ಲಿ ಅರಿತ್ಮೆಟಿಕ್‌ಗೆ ಮೆಡಲ್ ತಂದ ನನಗೆ ಇದು ಹೊಳೆದಿರಲಿಲ್ಲ.

ಮರುದಿನ ಅದೇ ಗೇಟು. ಅವಳು ಮುಕಾದಮ ಬರುವ ತನಕ ಕಾದು, ಟಿಕೆಟ್ಟನ್ನು ಟಿ.ಸಿ.ಯ ಮೂಗಿನ ಹತ್ತಿರ ಹಿಡಿದಳು. "ಸಾಬ್, ಫುಲ್ ಹೈ, ಫುಲ್! ಬರಾಬರ್ ದೇಖೋ!" ಫುಲ್ ಟಿಕೆಟ್ಟಿಗಾಗಿ ಇಷ್ಟು ಗಲಾಟೆ ಮಾಡಿದವರನ್ನು ಪಾಪ, ಆ ಟಿ.ಸಿ. ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ಅವಳು ಹಿಂದೆ ತಿರುಗಿ, "ನೋಡಿದ್ರೇನ್ರೀ ಕಾಕಾ? ಮೂಲಿ ಐತಿ" ಎಂದಳು.

ಮುಕಾದಮ ನಕ್ಕುಬಿಟ್ಟ. ಸಂಜೆ ಅವಳಿಗೆ ಎರಡು ರೂಪಾಯಿ ಕೊಟ್ಟ, ಹಾಫ್ ಟಿಕೆಟ್ಟಿನ ನನಗೆ ಒಂದೇ.

"ನಿನ್ನೀದು?"

"ನಿನ್ನಿ ನೀ ಹನ್ನೊಂದ್ ವರ್ಷದಾಕಿ ಇದ್ದಿ. ಒಂದ ರಾತ್ರ್ಯಾಗ ಹದಿಮೂರಾದ್ರ ನಾ ಏನ್ ಮಾಡ್ಲಿ?"

ಅದರ ಮರುದಿನದಿಂದ ನಾನೂ ಫುಲ್. ಅಮ್ಮನಿಗೆ ಹೇಳಲಿಲ್ಲ, ಮಾರಲ್ ಸೈನ್ಸ್ ಅಷ್ಟಕ್ಕೇ ಮುಗಿಯಿತು.

ಜೂನ್‌ನಲ್ಲಿ ಅಪ್ಪ ಭಾಂಡುಪ್‌ನ ಹೋಟೆಲಿಗೆ ಕ್ಯಾಶಿಯರ್ ಆಗಿ ಹೋದರು, ನಾವೂ ಸಾಮಾನು ಕಟ್ಟಿದೆವು. ಲೀವಿಂಗ್ ಸರ್ಟಿಫಿಕೇಟ್ ತರಲು ಹೋದ ದಿನ, ಸ್ಕೂಲಿನ ಹಿಂದಿನ ಕೋಣೆಯ ಕಿಟಕಿಯಲ್ಲಿ ಅವಳು ಕಂಡಳು. ಹೊಲಿಗೆ ಮಷೀನಿನ ಮುಂದೆ ಕೂತು, ನಾಲಿಗೆ ತುದಿ ಹೊರಗೆ ಚಾಚಿ, ಸೂಜಿಯ ಕಣ್ಣಿಗೆ ದಾರ ಹಾಯಿಸಲು ಹೆಣಗುತ್ತಿದ್ದಳು. "ಏ, ನಾವು ನಾಳೆ ಹೋಗ್ತೇವೆ ಮಾರಾಯ್ತಿ!" ಎಂದೆ.

"ತಡಿಯವ್ವಾ, ಮಾತಾಡಸಬ್ಯಾಡ" ಎಂದಳು, ದಾರದಿಂದ ಕಣ್ಣು ತೆಗೆಯದೆ. "ಈಗರ ಒಳಗ ಹೊಂಟೈತಿ."